ಬೂದಿದಿಬ್ಬಗಳ ವಿಚಾರ: ರಾಯಚೂರು ಸೀಮೆಯಲ್ಲಿ ಅಳತೆ, ಆಧಾರ ಮತ್ತು ಊಹೆ

೧. ಪ್ರಸ್ತಾವನೆ

ರಾಯಚೂರು ಕೋಟೆಯ ಗೋಡೆಯಲ್ಲಿ ನಲವತ್ತೊಂದು ಅಡಿಗೂ ಮೀರಿದ ಉದ್ದದ ಒಂದು ಕಲ್ಲುಂಟು. ಅದರ ಮೇಲಿನ ತೆಲುಗು ಶಾಸನವು ಕಾಕತೀಯರ ಅಧೀನದ ಗೋರೆ ಗಂಗಯ್ಯ ರೆಡ್ಡಿಯ ಹೆಸರನ್ನೂ, ಕೋಟೆಯನ್ನು ಕಟ್ಟಿಸಿದ ವಿಠ್ಠಲನಾಥನ ಹೆಸರನ್ನೂ, ಶಕವರ್ಷವನ್ನೂ ಹೇಳುತ್ತದೆ. ಅದು ಕ್ರಿಸ್ತಶಕ ೧೨೯೪ಕ್ಕೆ ಸರಿಹೊಂದುತ್ತದೆ. ಇಷ್ಟು ದೊಡ್ಡ ಕಲ್ಲು ಅಲ್ಲಿಗೆ ಹೇಗೆ ಬಂದಿತೆಂಬ ಪ್ರಶ್ನೆಗೂ ಗೋಡೆಯೇ ಉತ್ತರ ಕೊಡುತ್ತದೆ: ಕಲ್ಲನ್ನು ಬಂಡಿಗೇರಿಸಿ ಕೋಣಗಳ ಸಾಲಿನಿಂದ ಎಳೆಸಿದ ಚಿತ್ರವನ್ನು ಅಲ್ಲಿ ಕೊರೆದಿದ್ದಾರೆ. ಮಸ್ಕಿಯ ಬಂಡೆಯೂ ಇದೇ ಬಗೆಯದು. ೧೯೧೫ರಲ್ಲಿ ಚಿನ್ನದ ಗಣಿಯ ಎಂಜಿನಿಯರಾದ ಬೀಡನ್ ಅವರ ಕಣ್ಣಿಗೆ ಬಿದ್ದ ಆ ಶಾಸನದಲ್ಲಿ ಅಶೋಕನೆಂಬ ಹೆಸರೇ ಸ್ಪಷ್ಟವಾಗಿ ದೊರೆತು, ಅದುವರೆಗೆ ‘ದೇವಾನಾಂಪ್ರಿಯ’ನೆಂದಷ್ಟೇ ಕರೆದುಕೊಂಡಿದ್ದ ದೊರೆ ಯಾರೆಂಬ ವಿಚಾರಕ್ಕೆ ದೃಢವಾದ ಆಧಾರ ಸಿಕ್ಕಿತು.

ಇವು ಮಾತನಾಡುವ ಕಲ್ಲುಗಳು. ಆದರೆ ಕೃಷ್ಣಾ ತುಂಗಭದ್ರೆಗಳ ನಡುವಣ ಈ ನಾಡಿನಲ್ಲಿಯೂ ಅದರ ಸುತ್ತಮುತ್ತಲೂ ಹೆಸರು ಹೇಳದ, ವರ್ಷ ತಿಳಿಸದ, ಚಿತ್ರ ತೋರಿಸದ ಮತ್ತೊಂದು ಬಗೆಯ ಅವಶೇಷಗಳಿವೆ. ಜನ ಅವುಗಳನ್ನು ಬೂದಿದಿಬ್ಬ, ಬೂದಿಗುಂಟೆ ಎಂದು ಕರೆಯುತ್ತಾರೆ. ನಸುಬೂದು ಬಣ್ಣದ ಪುಡಿಮಣ್ಣು, ನಡುನಡುವೆ ಗಾಜಿನಂತೆ ಕರಗಿ ಹೆಪ್ಪುಗಟ್ಟಿದ ಕಿಟ್ಟ, ಅಲ್ಲಲ್ಲಿ ಕಲ್ಲುಕೊಡಲಿಯ ಚೂರು, ಮಡಕೆಯ ಬೋಕಿ—ಇಷ್ಟೇ ಅವುಗಳ ಸಂಪತ್ತು. ಇಂಥ ಮೂಕವಸ್ತುವಿನಿಂದ ನಿಜವನ್ನು ಹೊರಡಿಸುವ ಬಗೆ ಯಾವುದು? ವೈಜ್ಞಾನಿಕ ವಿಚಾರಣೆಯೆಂದರೇನು, ಅಳತೆಯ ಬೆಲೆಯೇನು, ಊಹೆಗೂ ನಿರ್ಣಯಕ್ಕೂ ಇರುವ ಅಂತರವೇನು ಎಂಬುದನ್ನು ನಮ್ಮ ವಿದ್ಯಾರ್ಥಿಗಳಿಗೆ ತಿಳಿಸಲು ಇದಕ್ಕಿಂತ ಹತ್ತಿರದ ಉದಾಹರಣೆ ದೊರೆಯಲಾರದೆಂದು ಭಾವಿಸಿ ಈ ಲೇಖನವನ್ನು ಬರೆಯುತ್ತಿದ್ದೇವೆ.

೨. ನಾಡಿನ ಸ್ವರೂಪ

ರಾಯಚೂರಿನಿಂದ ಪಶ್ಚಿಮಕ್ಕೆ ದೇವದುರ್ಗದ ಕಡೆಗೆ ಹೊರಟರೂ, ನೈಋತ್ಯಕ್ಕೆ ಮಾನ್ವಿಯ ಕಡೆಗೆ ಹೊರಟರೂ ಕಾಣುವ ನೆಲ ಬಹುಮಟ್ಟಿಗೆ ಒಂದೇ. ಕೆಳಗೆ ಅತಿ ಪ್ರಾಚೀನವಾದ ನೈಸ್ ಶಿಲೆ. ಮೇಲೆ ಅಲ್ಲಲ್ಲಿ ತಲೆಯೆತ್ತಿದ ಕಣಶಿಲೆಯ ಬೋಳುಗುಡ್ಡ. ತಗ್ಗಿನಲ್ಲಿ ಎರೆಭೂಮಿ, ಏರಿನಲ್ಲಿ ಮಸಾರಿ. ಮಳೆ ವರ್ಷಕ್ಕೆ ಸುಮಾರು ೬೦೦ ಮಿಲಿಮೀಟರಿನ ಆಸುಪಾಸು. ಅದೂ ವರ್ಷದಿಂದ ವರ್ಷಕ್ಕೆ ಏರುಪೇರು. ಇಂಥ ನೆಲದಲ್ಲಿ ಬೇಸಾಯಕ್ಕಿಂತ ದನಗಾಹಿ ವೃತ್ತಿಯೇ ಮೊದಲು ಬೇರೂರಿದ್ದರೆ ಆಶ್ಚರ್ಯವಿಲ್ಲ. ಆದರೆ ‘ಆಶ್ಚರ್ಯವಿಲ್ಲ’ ಎನ್ನುವುದು ಬೇರೆ, ‘ಹಾಗೆಯೇ ಇತ್ತು’ ಎನ್ನುವುದು ಬೇರೆ. ಮೊದಲನೆಯದು ಸಂಭವ, ಎರಡನೆಯದು ಸಿದ್ಧಾಂತ. ಒಂದರಿಂದ ಇನ್ನೊಂದಕ್ಕೆ ದಾಟಲು ಸೇತುವೆ ಬೇಕು. ಆ ಸೇತುವೆಯೇ ಆಧಾರ.

ಲಿಂಗಸುಗೂರು ಸೀಮೆಯ ವಂದಲಿ, ಗೌಡೂರು, ಕೃಷ್ಣೆಯಾಚೆ ಸುರಪುರ ಸೀಮೆಯ ಬೂದಿಹಾಳ, ಹಳೆಯ ಮಹಬೂಬ್‌ನಗರ ಜಿಲ್ಲೆಯ ಉಟ್ನೂರು, ತುಂಗಭದ್ರೆಯಾಚೆ ಬಳ್ಳಾರಿ ಸೀಮೆಯ ಕುಡತಿನಿ, ಕುಪ್ಪಗಲ್ಲು—ಈ ಸ್ಥಳಗಳ ದಿಬ್ಬಗಳು ವಿದ್ವಾಂಸರ ಗಮನಕ್ಕೆ ಬಂದಿವೆ. ಬೂದಿಹಾಳವೆಂಬ ಹೆಸರನ್ನೇ ನೋಡಿರಿ. ಊರಿಗೆ ಹೆಸರಿಟ್ಟವರು ಬೂದಿಯನ್ನು ಗಮನಿಸಿದ್ದರು. ಅದು ಎಲ್ಲಿಂದ ಬಂದಿತೆಂಬುದು ಮಾತ್ರ ಅವರಿಗೂ ಮರೆತುಹೋಗಿತ್ತು.

೩. ಹಳೆಯ ಊಹೆಗಳು

ಮರೆತ ಕಡೆ ಕಥೆ ಹುಟ್ಟುತ್ತದೆ. ಕುಡತಿನಿಯ ದಿಬ್ಬವು ಭೀಮನಿಂದ ಹತನಾದ ಹಿಡಿಂಬಾಸುರನ ದೇಹದ ಬೂದಿಯೆಂದೂ, ಹಂಪೆಯ ಬಳಿಯ ನಿಂಬಾಪುರದ ದಿಬ್ಬವು ವಾಲಿಯನ್ನು ದಹಿಸಿದ ಸ್ಥಳವೆಂದೂ ಜನ ಹೇಳುತ್ತ ಬಂದರು. ಇದನ್ನು ನಗೆಯಾಡಿ ತಳ್ಳಿಬಿಡುವುದು ಉಚಿತವಲ್ಲ. ಈ ಕಥೆಗಳಲ್ಲಿ ಎರಡು ಸರಿಯಾದ ಗ್ರಹಿಕೆಗಳಿವೆ: ಇದು ಸುಟ್ಟ ಬೂದಿ ಎಂಬುದು ಒಂದು, ಇದು ಬಹು ಪ್ರಾಚೀನವೆಂಬುದು ಇನ್ನೊಂದು. ಹೊಗೆಯನ್ನು ಕಂಡು ಬೆಂಕಿಯನ್ನು ಅನುಮಾನಿಸುವುದು ನಮ್ಮ ತರ್ಕಶಾಸ್ತ್ರದ ಮೊದಲ ಪಾಠ. ಜನರೂ ಬೂದಿಯನ್ನು ಕಂಡು ಬೆಂಕಿಯನ್ನು ಅನುಮಾನಿಸಿದರು. ಆದರೆ ಸುಟ್ಟಿದ್ದು ಏನು ಎಂಬಲ್ಲಿ ಅನುಮಾನ ನಿಂತು ಕಲ್ಪನೆ ಮೊದಲಾಯಿತು.

ಪಾಶ್ಚಾತ್ಯ ವಿದ್ವಾಂಸರೂ ಈ ದೋಷದಿಂದ ಮುಕ್ತರಾಗಿರಲಿಲ್ಲ. ಮದರಾಸು ಸೈನ್ಯದ ಅಧಿಕಾರಿ ನ್ಯೂಬೋಲ್ಡ್ ಅವರು ೧೮೩೬ರಲ್ಲಿಯೂ ೧೮೪೩ರಲ್ಲಿಯೂ ಈ ದಿಬ್ಬಗಳ ವಿಷಯವಾಗಿ ಬರೆದರು. ಕಿಟ್ಟವು ಜ್ವಾಲಾಮುಖಿಯ ಕಲ್ಲನ್ನು ಹೋಲುತ್ತಿದ್ದುದರಿಂದ ಆ ವಿಚಾರವೇ ಮೊದಲು ಎದ್ದಿತು. ೧೮೯೯ರಲ್ಲಿ, ವಿಜಯನಗರದ ಇತಿಹಾಸಕಾರರಾಗಿ ನಮಗೆ ಪರಿಚಿತರಾದ ಸೀವೆಲ್ ಅವರು ಇವು ವಿಜಯನಗರ ಕಾಲದ ಮಹಾದಹನಗಳ ಅವಶೇಷಗಳಾಗಿರಬಹುದೆಂದರು. ಕಬ್ಬಿಣ ಮೊದಲಾದ ಲೋಹಗಳನ್ನು ಕರಗಿಸಿದ ಕಿಟ್ಟವೆಂದು ಮತ್ತೆ ಕೆಲವರು ವಾದಿಸಿದರು. ತಮಗೆ ಬಲ್ಲ ಶಾಸ್ತ್ರದ ಕಡೆಗೆ ವಿದ್ವಾಂಸನ ಊಹೆ ವಾಲುವುದು ಸಹಜ. ವಿಜಯನಗರವನ್ನು ಓದಿದವನಿಗೆ ವಿಜಯನಗರವೂ, ಗಣಿಯನ್ನು ಬಲ್ಲವನಿಗೆ ಲೋಹವೂ ಕಾಣುತ್ತದೆ.

ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಅವರ ಮಾರ್ಗ ಸ್ವಲ್ಪ ಬೇರೆಯದು. ೧೮೬೩ರಲ್ಲಿ ಮದರಾಸಿನ ಬಳಿ ಪಲ್ಲಾವರದಲ್ಲಿ ಹಳೆಯ ಶಿಲಾಯುಗದ ಉಪಕರಣವನ್ನು ಗುರುತಿಸಿದ ಇವರು ಮುಂದೆ ದಕ್ಷಿಣದ ನಾಡುಗಳನ್ನು ಕಾಲ್ನಡೆಯಲ್ಲಿ ಅಳೆದರು. ಬೂದಿದಿಬ್ಬಗಳ ಬಳಿ ಕಲ್ಲುಕೊಡಲಿಗಳೂ ಕೈಯಿಂದ ಮಾಡಿದ ಮಡಕೆಗಳೂ ದೊರೆಯುವುದನ್ನು ಗಮನಿಸಿ, ಇವು ನೂತನ ಶಿಲಾಯುಗದ ಜನರವೆಂದೂ, ಸುಟ್ಟಿರುವುದು ಸಗಣಿಯೆಂದೂ ತಿಳಿದರು. ಅವರ ಉತ್ತರ ಬಹುಪಾಲು ಸರಿಯಾಗಿತ್ತು. ಆದರೂ ಅದು ಅರ್ಧ ಶತಮಾನಕ್ಕೂ ಮಿಕ್ಕಿ ಇತರ ಊಹೆಗಳ ನಡುವೆ ಒಂದು ಊಹೆಯಾಗಿಯೇ ಉಳಿಯಿತು. ಇದಕ್ಕೆ ಕಾರಣವನ್ನು ಇಲ್ಲಿ ವಿಚಾರಿಸಬೇಕು. ಉತ್ತರ ಸರಿಯಾಗಿದ್ದರೆ ಸಾಲದು. ಉಳಿದ ಉತ್ತರಗಳು ಏಕೆ ತಪ್ಪು ಎಂಬುದನ್ನು ತೋರಿಸಿದಾಗಲೇ ಅದಕ್ಕೆ ನಿಲುಗಡೆ.

೪. ಪರೀಕ್ಷೆ

ಒಳ್ಳೆಯ ಊಹೆಯ ಲಕ್ಷಣವೇನು? ಅದು ನಿಜವಾಗಿದ್ದರೆ ಏನು ಕಾಣಬೇಕು, ಏನು ಕಾಣಬಾರದು ಎಂಬುದನ್ನು ಮುಂದಾಗಿಯೇ ಹೇಳಬೇಕು. ಬೂದಿದಿಬ್ಬಗಳಿಗೆ ಈ ಒರೆಗಲ್ಲನ್ನು ಹಚ್ಚೋಣ. ಜ್ವಾಲಾಮುಖಿಯಾಗಿದ್ದರೆ ಕೆಳಗೆ ಬೆಂಕಿ ಹೊಮ್ಮಿದ ಬಾಯಿ ಇರಬೇಕು, ಇಲ್ಲ. ಕಬ್ಬಿಣದ ಕಿಟ್ಟವಾಗಿದ್ದರೆ ತೂಕದಲ್ಲಿ ಭಾರವಾಗಿ ಕಬ್ಬಿಣದ ಅಂಶ ಹೇರಳವಾಗಿರಬೇಕು. ಈ ಕಿಟ್ಟ ಹಗುರ, ಸಣ್ಣ ರಂಧ್ರಗಳಿಂದ ತುಂಬಿದ್ದು. ವಿಜಯನಗರ ಕಾಲದ್ದಾಗಿದ್ದರೆ ಕಲ್ಲುಕೊಡಲಿ ಅದರೊಳಗೆ ಬರಲು ಕಾರಣವಿಲ್ಲ. ಸಗಣಿಯ ಬೂದಿಯಾಗಿದ್ದರೆ ಹುಲ್ಲಿನ ಗುರುತು ಉಳಿದಿರಬೇಕು. ಏಕೆಂದರೆ ಹುಲ್ಲಿನ ಎಲೆಗಳಲ್ಲಿ ಸಿಲಿಕದ ಸೂಕ್ಷ್ಮ ಕಣಗಳಿರುತ್ತವೆ, ಅವು ದನದ ಹೊಟ್ಟೆಯಲ್ಲಿ ಜೀರ್ಣವಾಗುವುದೂ ಇಲ್ಲ, ಸಾಮಾನ್ಯ ಬೆಂಕಿಯಲ್ಲಿ ನಾಶವಾಗುವುದೂ ಇಲ್ಲ.

ಲಂಡನ್ನಿನ ಪ್ರಾಕ್ತನ ವಿದ್ವಾಂಸ ಝೋಯ್ನರ್ ಅವರು ೧೯೬೦ರ ಹೊತ್ತಿಗೆ ಈ ಪರೀಕ್ಷೆಯನ್ನು ಮಾಡಿ ಮುಗಿಸಿದರು. ದಿಬ್ಬದ ಬೂದಿಯನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿದರು. ಸಗಣಿಯನ್ನು ತೀವ್ರವಾಗಿ ಕಾಯಿಸಿ ದೊರೆತದ್ದನ್ನು ದಿಬ್ಬದ ಕಿಟ್ಟದೊಡನೆ ಹೋಲಿಸಿದರು. ಬೂದಿ ಗಾಜಾಗುವುದರಲ್ಲಿ ಮಂತ್ರವಿಲ್ಲ: ಮರಳಿನ ಸಿಲಿಕವೂ ಸೌಳಿನ ಕ್ಷಾರವೂ ಸೇರಿ ಕಾದರೆ ಬಳೆಗಾರನ ಕುಲುಮೆಯಲ್ಲಿ ಗಾಜಾಗುವಂತೆ, ಸಗಣಿಯಲ್ಲಿರುವ ಸಿಲಿಕವೂ ಕ್ಷಾರವೂ ತಾವೇ ಕೂಡಿ ಕರಗುತ್ತವೆ. ಇಲ್ಲಿಗೆ ‘ಏನು ಸುಟ್ಟಿತು’ ಎಂಬ ಪ್ರಶ್ನೆ ಮುಗಿಯಿತೆನ್ನಬಹುದು.

‘ಹೇಗೆ ಸೇರಿತು’ ಎಂಬುದಕ್ಕೆ ಗುದ್ದಲಿಯೇ ಉತ್ತರ ಕೊಟ್ಟಿತು. ಮುದಗಲ್ಲಿನ ಬಳಿಯ ಪಿಕ್ಲಿಹಾಳದಲ್ಲಿ ಮೊದಲು ಕೆಲಸಮಾಡಿದ್ದ ರೇಮಂಡ್ ಆಲ್ಚಿನ್ ಅವರು ೧೯೫೭ರಲ್ಲಿ ಉಟ್ನೂರಿನ ದಿಬ್ಬವನ್ನು ಅಗೆದರು. ಸ್ತರದ ಮೇಲೆ ಸ್ತರ. ಒಂದು ಸುಟ್ಟ ಪದರ, ಅದರ ಮೇಲೆ ಮತ್ತೆ ಸಗಣಿ, ಮತ್ತೆ ಸುಟ್ಟ ಪದರ. ದೊಡ್ಡಿಯ ಸುತ್ತ ನೆಟ್ಟಿದ್ದ ಮರದ ಕಂಬಗಳ ಕುಳಿಗಳು ಸಾಲಾಗಿ ದೊರೆತವು. ಎಲ್ಲಕ್ಕಿಂತ ಮಿಗಿಲಾಗಿ, ಒಂದು ಪದರದ ಮೇಲೆ ದನಗಳ ಗೊರಸಿನ ಗುರುತುಗಳೇ ಉಳಿದಿದ್ದವು. ನಾಲ್ಕು ಸಾವಿರ ವರ್ಷಗಳ ಹಿಂದೆ ಸಂಜೆ ದೊಡ್ಡಿಗೆ ಮರಳಿದ ದನದ ಹೆಜ್ಜೆ ಅದು; ಇದಕ್ಕಿಂತ ನೇರವಾದ ಸಾಕ್ಷಿಯನ್ನು ಯಾವ ಶಾಸನವೂ ಕೊಡಲಾರದು. ಆಲ್ಚಿನ್ ಅವರು ೧೯೬೧ರಲ್ಲಿ ಉತ್ಖನನದ ವರದಿಯನ್ನೂ, ೧೯೬೩ರಲ್ಲಿ ದಕ್ಷಿಣ ಭಾರತದ ನೂತನ ಶಿಲಾಯುಗದ ದನಗಾಹಿಗಳನ್ನು ಕುರಿತ ಗ್ರಂಥವನ್ನೂ ಪ್ರಕಟಿಸಿದರು.

೫. ಕಾಲದ ಅಳತೆ

ಮೇಲೆ ‘ನಾಲ್ಕು ಸಾವಿರ ವರ್ಷ’ ಎಂದೆವು. ಈ ಸಂಖ್ಯೆ ಎಲ್ಲಿಂದ ಬಂದಿತು? ವಿದ್ಯಾರ್ಥಿಗಳು ಪುಸ್ತಕದಲ್ಲಿ ಕಂಡ ಸಂಖ್ಯೆಯನ್ನು ಹಾಗೆಯೇ ಬರೆದುಕೊಳ್ಳುವ ರೂಢಿಯುಂಟು. ಸಂಖ್ಯೆಯ ಹುಟ್ಟನ್ನು ವಿಚಾರಿಸುವ ರೂಢಿ ಕಡಮೆ. ಆದುದರಿಂದ ಸ್ವಲ್ಪ ವಿವರವಾಗಿ ಹೇಳುವುದು ಅವಶ್ಯ.

೧೯೪೯ರ ಸುಮಾರಿಗೆ ಅಮೆರಿಕದ ವಿಲ್ಲರ್ಡ್ ಲಿಬ್ಬಿಯವರು ಇಂಗಾಲ-೧೪ರ ವಿಧಾನವನ್ನು ಬಳಕೆಗೆ ತಂದರು. ೧೯೬೦ರಲ್ಲಿ ಅವರಿಗೆ ನೊಬೆಲ್ ಪಾರಿತೋಷಿಕ ದೊರೆಯಿತು. ಜೀವಂತವಾದ ಗಿಡಮರಗಳಲ್ಲಿ ವಿಕಿರಣಶೀಲವಾದ ಈ ಇಂಗಾಲವು ಗಾಳಿಯಲ್ಲಿರುವಷ್ಟೇ ಪ್ರಮಾಣದಲ್ಲಿರುತ್ತದೆ. ಜೀವ ಹೋದ ಮೇಲೆ ಹೊಸದು ಸೇರದೆ, ಇದ್ದದ್ದು ನಿಯತವಾದ ವೇಗದಲ್ಲಿ ಕ್ಷಯಿಸುತ್ತದೆ. ಅರ್ಧ ಕ್ಷಯಿಸಲು ಲಿಬ್ಬಿಯವರು ಹಿಡಿದ ಕಾಲ ೫೫೬೮ ವರ್ಷ. ಅನಂತರದ ಶುದ್ಧ ಅಳತೆ ೫೭೩೦. ಒಂದು ಇದ್ದಿಲಿನ ತುಂಡಿನಲ್ಲಿ ಮೂಲದ ನೂರಕ್ಕೆ ಅರುವತ್ತು ಪಾಲು ಉಳಿದಿದ್ದರೆ, ಮೊದಲನೆಯ ಲೆಕ್ಕದಂತೆ ಅದರ ವಯಸ್ಸು ಸುಮಾರು ೪೧೦೦ ವರ್ಷ. ಎರಡನೆಯ ಲೆಕ್ಕದಂತೆ ಸುಮಾರು ೪೨೨೦. ಅಳೆದದ್ದು ಒಂದೇ, ವಯಸ್ಸು ಎರಡು. ಅಳತೆಗೂ ಅದರಿಂದ ತೆಗೆದ ಅರ್ಥಕ್ಕೂ ನಡುವೆ ಒಂದು ನಿಯಮ ನಿಂತಿದೆಯೆಂಬುದು ಇದರಿಂದ ವಿಶದವಾಗುತ್ತದೆ. ಆ ನಿಯಮವನ್ನೇ ನಾವು ‘ಮಾದರಿ’ ಎನ್ನುವುದು.

ಉಟ್ನೂರಿನ ಇದ್ದಿಲಿಗೆ ದೊರೆತ ಕಾಲವೂ ಸುಮಾರು ಇಷ್ಟೇ. ಜೊತೆಗೆ ನೂರಕ್ಕೂ ಮಿಕ್ಕ ವರ್ಷಗಳ ಹೆಚ್ಚುಕಡಮೆ ಇರಬಹುದೆಂಬ ಸೂಚನೆಯೂ ಇತ್ತು. ಈ ಹೆಚ್ಚುಕಡಮೆಯನ್ನು ಬಿಟ್ಟು ಸಂಖ್ಯೆಯನ್ನು ಮಾತ್ರ ಉದ್ಧರಿಸುವುದು ಅರ್ಧ ಸತ್ಯ. ಇನ್ನೂ ಒಂದು ಮಾತಿದೆ. ಗಾಳಿಯಲ್ಲಿನ ಇಂಗಾಲ-೧೪ರ ಪ್ರಮಾಣ ಎಲ್ಲ ಕಾಲಕ್ಕೂ ಒಂದೇ ಎಂಬುದು ಲಿಬ್ಬಿಯವರ ಮಾದರಿಯ ಆಧಾರವಾಗಿತ್ತು. ಮರಗಳ ವಾರ್ಷಿಕ ಬಳೆಗಳನ್ನು ಎಣಿಸಿ ಹೋಲಿಸಿದಾಗ ಆ ಪ್ರಮಾಣ ಏರಿಳಿದಿರುವುದು ಕಂಡುಬಂದಿತು. ತಿದ್ದುಪಡಿಯಾದ ಮೇಲೆ ಈ ಕಾಲ ಇನ್ನೂ ಹಿಂದಕ್ಕೆ, ಕ್ರಿ. ಪೂ. ಮೂರನೆಯ ಸಹಸ್ರಮಾನದ ಮೊದಲ ಅರ್ಧಕ್ಕೆ ಸರಿಯಿತು. ೧೯೯೦ರ ದಶಕದ ಆರಂಭದಲ್ಲಿ ರಾಯಚೂರು ಜಿಲ್ಲೆಯ ವಟಗಲ್ಲಿನಲ್ಲಿ ನಡೆದ ಉತ್ಖನನದ ಕೆಳಗಿನ ಸ್ತರಗಳೂ ಇದೇ ಅವಧಿಯನ್ನು ಸೂಚಿಸಿದವು. ಮಾದರಿ ತಪ್ಪಿತೆಂದು ವಿಧಾನವನ್ನು ಎಸೆಯಲಿಲ್ಲ. ತಪ್ಪನ್ನು ಅಳೆದು ಸರಿಪಡಿಸಿದರು. ವಿಜ್ಞಾನದ ಹೆಚ್ಚಳ ಇರುವುದು ತಪ್ಪದಿರುವುದರಲ್ಲಿ ಅಲ್ಲ, ತಪ್ಪನ್ನು ತಾನೇ ಕಂಡುಹಿಡಿಯುವುದರಲ್ಲಿ.

೬. ಒಂದು ಲೆಕ್ಕ

ಮಾದರಿಯ ಶಕ್ತಿಯನ್ನೂ ಮಿತಿಯನ್ನೂ ಒಟ್ಟಿಗೆ ತೋರಿಸಲು ತರಗತಿಯಲ್ಲಿ ಮಾಡಬಹುದಾದ ಒಂದು ಲೆಕ್ಕವನ್ನು ಕೊಡುತ್ತೇವೆ. ಇದರ ಸಂಖ್ಯೆಗಳು ಯಾವ ಒಂದು ದಿಬ್ಬದವೂ ಅಲ್ಲ, ಲೆಕ್ಕಕ್ಕಾಗಿ ಹಿಡಿದವು.

ನಲವತ್ತು ಮೀಟರು ಅಡ್ಡಳತೆ, ಮೂರು ಮೀಟರು ಎತ್ತರದ, ರಾಶಿಯಂತೆ ಮೊನಚಾದ ದಿಬ್ಬವೊಂದಿದೆಯೆಂದು ಇಟ್ಟುಕೊಳ್ಳೋಣ. ಅದರ ಗಾತ್ರ ಸುಮಾರು ೧೨೫೭ ಘನ ಮೀಟರು. ಘನ ಮೀಟರಿಗೆ ಒಂದು ಟನ್ನಿನಂತೆ ಹಿಡಿದರೆ ೧೨೫೭ ಟನ್ ಬೂದಿ. ಒಂದು ದನ ದಿನಕ್ಕೆ ಹತ್ತು ಕಿಲೋಗ್ರಾಂ ಹಸಿ ಸಗಣಿ ಹಾಕುತ್ತದೆ, ಅದು ಒಣಗಿದರೆ ಎರಡು ಕಿಲೋಗ್ರಾಂ, ಸುಟ್ಟರೆ ಅದರ ಐದನೆಯ ಒಂದು ಪಾಲು ಬೂದಿ ಎಂದು ಹಿಡಿಯೋಣ: ದಿನಕ್ಕೆ ೪೦೦ ಗ್ರಾಂ. ಐದುನೂರು ದನ ವರ್ಷವಿಡೀ ಅಲ್ಲಿಯೇ ಇದ್ದರೆ ವರ್ಷಕ್ಕೆ ೭೩ ಟನ್. ದಿಬ್ಬ ಸುಮಾರು ೧೭ ವರ್ಷಗಳಲ್ಲಿ ಏಳುತ್ತದೆ. ನೂರೇ ದನ, ಅದೂ ವರ್ಷಕ್ಕೆ ನಾಲ್ಕೇ ತಿಂಗಳು ಎಂದರೆ ವರ್ಷಕ್ಕೆ ೪.೮ ಟನ್, ಆಗ ಸುಮಾರು ೨೬೨ ವರ್ಷ ಬೇಕು.

ಒಂದೇ ದಿಬ್ಬ, ಒಂದೇ ಗಣಿತ. ಉತ್ತರದಲ್ಲಿ ಹದಿನೈದು ಪಟ್ಟು ವ್ಯತ್ಯಾಸ. ಗಣಿತ ತಪ್ಪಿಲ್ಲ, ದನಗಳೆಷ್ಟು, ಎಷ್ಟು ದಿನ ತಂಗಿದವು ಎಂಬುದು ತಿಳಿಯದು. ನಾವು ನಿಜವಾಗಿ ಅಳೆಯಬೇಕಾದುದು ಯಾವುದು ಎಂಬುದನ್ನು ಲೆಕ್ಕವೇ ಬೆರಳಿಟ್ಟು ತೋರಿಸುತ್ತದೆ. ಹೆಚ್ಚುಕಡಮೆ ನೂರೈವತ್ತು ವರ್ಷವಿರುವ ಒಂದೇ ಕಾಲನಿರ್ಣಯದಿಂದ ಈ ಎರಡು ಉತ್ತರಗಳನ್ನು ಬೇರ್ಪಡಿಸಲಾಗದು. ಕೆಳಗಿನ ಪದರದಿಂದ ಮೇಲಿನ ಪದರದವರೆಗೆ ಹಲವು ಮಾದರಿ ತುಂಡುಗಳನ್ನು ತೆಗೆದು, ಕೆಳಗಿನದು ಮೇಲಿನದಕ್ಕಿಂತ ಹಳೆಯದೆಂಬ ಸ್ತರಕ್ರಮವನ್ನೂ ಸೇರಿಸಿ ಲೆಕ್ಕ ಹಾಕಿದರೆ ಮಾತ್ರ ಅಂತರ ಕುಗ್ಗುತ್ತದೆ.

೭. ಮುಗಿಯದ ವಿಚಾರ

ಆದುದರಿಂದಲೇ ಬೂದಿದಿಬ್ಬಗಳ ವಿಚಾರ ಇಂದಿಗೂ ಮುಗಿದಿಲ್ಲ. ಆಲ್ಚಿನ್ ಅವರು ಇವು ಊರಿನಿಂದ ದೂರದ ತಾತ್ಕಾಲಿಕ ದನದೊಡ್ಡಿಗಳೆಂದೂ, ನಮ್ಮ ಸುಗ್ಗಿ ಹಬ್ಬಗಳ ಬೆಂಕಿಯಂತೆ ಆಚರಣೆಯಾಗಿ ಸಗಣಿಯನ್ನು ಸುಡುತ್ತಿದ್ದರೆಂದೂ ಊಹಿಸಿದ್ದರು. ೧೯೯೦ರ ದಶಕದಲ್ಲಿ ಕೆ. ಪದ್ದಯ್ಯ ಅವರು ಬೂದಿಹಾಳವನ್ನು ವಿಸ್ತಾರವಾಗಿ ಅಗೆದಾಗ ದಿಬ್ಬದ ಪಕ್ಕದಲ್ಲಿಯೇ ಮನೆಗಳ ನೆಲೆ, ಕಲ್ಲಿನ ಉಪಕರಣಗಳನ್ನು ಮಾಡಿದ ಸ್ಥಳ, ದನಗಳನ್ನು ಕಡಿದ ನೆಲಗಟ್ಟು ದೊರೆತವು. ಹೀಗಿರುವಲ್ಲಿ ಇದು ಬರಿಯ ದೊಡ್ಡಿಯಲ್ಲ, ದನಗಾಹಿಗಳ ಊರೇ ಎಂಬ ಪಕ್ಷ ಬಲಗೊಂಡಿತು. ಈಚಿನ ವರ್ಷಗಳಲ್ಲಿ ಡೋರಿಯನ್ ಫುಲ್ಲರ್ ಮೊದಲಾದವರು ಆ ಕಾಲದ ನೆಲೆಗಳ ಮಣ್ಣನ್ನು ನೀರಿನಲ್ಲಿ ತೇಲಿಸಿ ಸುಟ್ಟ ಕಾಳುಗಳನ್ನು ಹೆಕ್ಕಿ, ಹುರುಳಿ, ಹೆಸರು, ಕೊರಲೆ ಮೊದಲಾದ ಧಾನ್ಯಗಳನ್ನು ಗುರುತಿಸಿದ್ದಾರೆ. ದನಗಾಹಿಗಳು ಬೇಸಾಯವನ್ನೂ ಬಲ್ಲವರಾಗಿದ್ದರು. ಹಾಗಾದರೆ ಹೊಲಕ್ಕೆ ಗೊಬ್ಬರವಾಗಬಹುದಾಗಿದ್ದ ಸಗಣಿಯನ್ನು ರಾಶಿ ಹಾಕಿ ಸುಟ್ಟುದೇಕೆ? ರೋಗಭಯವೇ, ಆಚರಣೆಯೇ, ದಿಬ್ಬವನ್ನು ದೂರಕ್ಕೆ ಕಾಣುವ ಕುರುಹಾಗಿ ಎತ್ತರಿಸುವ ಬಯಕೆಯೇ? ಮೂರಕ್ಕೂ ವಾದಿಗಳಿದ್ದಾರೆ. ಒಂದು ಪ್ರಶ್ನೆಯ ಉತ್ತರವೇ ಮತ್ತೊಂದು ಪ್ರಶ್ನೆಯನ್ನು ಹೆರುವುದು ಸಂಶೋಧನೆಯ ಸ್ವಭಾವ.

೮. ನಮ್ಮ ಹೊಣೆ

ಪ್ರಶ್ನೆ ಉಳಿದಿದೆ, ಆದರೆ ಆಧಾರ ಉಳಿಯುವುದೇ ಎಂಬುದು ನಮ್ಮನ್ನು ಕಾಡುವ ಸಂಗತಿ. ಮಾನ್ವಿಯ ಕಡೆ ತುಂಗಭದ್ರಾ ಎಡದಂಡೆ ಕಾಲುವೆಯೂ, ದೇವದುರ್ಗದ ಕಡೆ ನಾರಾಯಣಪುರ ಬಲದಂಡೆ ಕಾಲುವೆಯೂ ಬಂದು ನೆಲದ ಮುಖವನ್ನೇ ಬದಲಿಸಿವೆ. ನೀರು ಬಂದ ಕಡೆ ಉಬ್ಬು ತಗ್ಗುಗಳನ್ನು ಸಮಮಾಡಿ ಗದ್ದೆ ಮಾಡುವುದು ನ್ಯಾಯವೇ. ಮಳೆಯನ್ನು ನಂಬಿ ಬೆಂದ ರೈತನನ್ನು ಯಾರೂ ದೂರಲಾರರು. ಬೂದಿಮಣ್ಣು ಹೊಲಕ್ಕೆ ಒಳ್ಳೆಯದೆಂದು ಬಂಡಿಗಟ್ಟಲೆ ಒಯ್ಯುವ ರೂಢಿಯೂ ಹಳೆಯದೇ. ರಸ್ತೆಯ ಕೆಲಸಕ್ಕೂ ದಿಬ್ಬಗಳು ಕರಗಿವೆ. ಶಾಸನ ಒಡೆದರೆ ತುಂಡುಗಳನ್ನು ಜೋಡಿಸಿ ಓದಬಹುದು. ಸ್ತರ ಕದಡಿದರೆ ಓದುವುದಕ್ಕೆ ಏನೂ ಉಳಿಯದು. ದಿಬ್ಬದ ಅರ್ಥವಿರುವುದು ಬೂದಿಯಲ್ಲಿ ಅಲ್ಲ, ಬೂದಿಯ ಕ್ರಮದಲ್ಲಿ. ಇದನ್ನು ರೈತನಿಗೆ ತಿಳಿಸದೆ ಇದ್ದುದು ಓದಿದವರಾದ ನಮ್ಮ ದೋಷ.

ರಾಯಚೂರು, ದೇವದುರ್ಗ, ಮಾನ್ವಿಗಳ ಕಾಲೇಜುಗಳಲ್ಲಿ ಓದುವ ಮಕ್ಕಳಲ್ಲಿ ಅನೇಕರು ಹಳ್ಳಿಗಳಿಂದ ಬಂದವರು. ತಮ್ಮ ಊರ ಸೀಮೆಯಲ್ಲಿ ಬೂದಿಯ ಹೆಸರಿನ ಹೊಲವಿದೆಯೇ, ಗಾಜಿನಂಥ ಹಗುರ ಕಿಟ್ಟ ನೇಗಿಲಿಗೆ ಸಿಗುತ್ತದೆಯೇ ಎಂದು ಹಿರಿಯರನ್ನು ಕೇಳಲು ಅವರಿಗಿಂತ ತಕ್ಕವರಿಲ್ಲ. ಸಿಕ್ಕಿದರೆ ಅಗೆಯಬಾರದು, ಉತ್ಖನನಕ್ಕೆ ಸರ್ಕಾರದ ಅನುಮತಿ ಬೇಕು, ಅದಕ್ಕಿಂತ ಹೆಚ್ಚಾಗಿ ತರಬೇತಿ ಬೇಕು. ಮಾಡಬೇಕಾದುದು ಇಷ್ಟು: ಸ್ಥಳವನ್ನು ನಕ್ಷೆಯಲ್ಲಿ ಗುರುತಿಸುವುದು, ಉದ್ದ, ಅಗಲ, ಎತ್ತರಗಳನ್ನು ಅಳೆಯುವುದು, ಅದೇ ಅಳತೆಯನ್ನು ಮತ್ತೊಬ್ಬನಿಂದ ಮಾಡಿಸಿ ಎರಡರ ಅಂತರವನ್ನೂ ಬರೆಯುವುದು, ಕಂಡದ್ದನ್ನು ಒಂದು ಪುಟದಲ್ಲಿ, ಊಹಿಸಿದ್ದನ್ನು ಬೇರೊಂದು ಪುಟದಲ್ಲಿ ಇಡುವುದು, ಪುರಾತತ್ವ ಇಲಾಖೆಗೆ ತಿಳಿಸುವುದು.

ಕಂಡದ್ದನ್ನೂ ಊಹಿಸಿದ್ದನ್ನೂ ಬೇರೆಬೇರೆ ಪುಟದಲ್ಲಿ ಇಡಬೇಕೆಂಬ ಈ ಸಣ್ಣ ನಿಯಮವನ್ನು ವಿದ್ಯಾರ್ಥಿಯು ಕಲಿತರೆ ಅವನು ವೈಜ್ಞಾನಿಕ ವಿಚಾರಣೆಯ ಬಹುಭಾಗವನ್ನು ಕಲಿತಂತೆಯೇ. ನ್ಯೂಬೋಲ್ಡ್, ಫೂಟ್ ಅವರ ಊಹೆಗಳಲ್ಲಿ ಕೆಲವು ಬಿದ್ದುಹೋದವು, ಕೆಲವು ನಿಂತವು. ಅವರು ಕಂಡು ಬರೆದಿಟ್ಟದ್ದು ಮಾತ್ರ ಇಂದಿಗೂ ಉಪಯೋಗಕ್ಕೆ ಬರುತ್ತಿದೆ. ನಮ್ಮ ಊಹೆಗಳೂ ಮುಂದಿನವರ ಕೈಯಲ್ಲಿ ಬೀಳಬಹುದು. ಅದರಿಂದ ನಷ್ಟವಿಲ್ಲ. ಅವರು ಮತ್ತೆ ಅಳೆಯಲು ದಿಬ್ಬವಾದರೂ, ದಿಬ್ಬವಿಲ್ಲದಿದ್ದರೆ ನಮ್ಮ ಅಳತೆಯಾದರೂ ಉಳಿದಿರಬೇಕು.